ಅಕ್ಕನ ಕೋಕೋ ಡಬ್ಬಿ

ಹೊಸ ಸಂಗತಿಯೊಂದು ಗೊತ್ತಾದರೆ ಅದು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೋಕೋ ಬೀಜದಲ್ಲಿ ಫ್ಲೇವನಾಲ್ ಎಂಬ ಅಂಶವಿದೆ, ಅದು ರಕ್ತನಾಳಗಳನ್ನು ಸಡಿಲಿಸಿ ಬಿ.ಪಿ. ಇಳಿಸಲು ನೆರವಾಗಬಹುದು ಎಂದು ಮೊಬೈಲಿನಲ್ಲಿ ಓದಿದ ದಿನ, ಹರಪನಹಳ್ಳಿಯಲ್ಲಿ ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಯಾರನ್ನೂ ನೆಮ್ಮದಿಯಿಂದ ಚಹಾ ಕುಡಿಯಲು ಬಿಡಲಿಲ್ಲ. ‘ನೆರವಾಗಬಹುದು’ ಎಂಬ ಮಾತನ್ನು ಅಷ್ಟರಲ್ಲೇ ನುಂಗಿಬಿಟ್ಟಿದ್ದೆ. ಇಳಿಸಿಯೇ ಇಳಿಸುತ್ತದೆ ಎಂದು ಸಾರಿದೆ. ಸಂಜೆಯೊಳಗೆ ಒಂದು ಡಬ್ಬಿ ಕೋಕೋ ಕ್ಯಾಪ್ಸೂಲಿಗೆ ಆರ್ಡರ್ ಹಾಕಿಯೂ ಆಗಿತ್ತು.

ಅದು ನನಗಲ್ಲ, ಹೊಸಹಳ್ಳಿಯಲ್ಲಿರುವ ಅಕ್ಕನಿಗೆ. ಅಕ್ಕ ಅಂಗನವಾಡಿ ಸಹಾಯಕಿ. ಎರಡೂ ಕಣ್ಣಿಗೆ ಪೊರೆ ಬಂದು, ಮಕ್ಕಳ ಅನ್ನದ ಅಕ್ಕಿಯಲ್ಲಿ ಹುಳ, ಕಲ್ಲು ಕಾಣುತ್ತಿರಲಿಲ್ಲ. ಬೆರಳಿನಿಂದ ತಡವಿ ತಡವಿ ಆರಿಸುತ್ತಿದ್ದಳು. ಆಪರೇಷನ್ನಿಗೆಂದು ಎರಡು ಸಲ ಹೋದರೂ ಬಿ.ಪಿ. ಹೆಚ್ಚಿದೆಯೆಂದು ಎರಡು ಸಲವೂ ವಾಪಸು ಕಳಿಸಿದ್ದರು. ಮಾತ್ರೆ ಇದ್ದೂ ಯಾಕೆ ಇಳಿಯುತ್ತಿಲ್ಲವೋ ಯಾರಿಗೂ ತಿಳಿಯದು. ಹೀಗೇ ಆದರೆ ಕೆಲಸ ಬಿಡಬೇಕಿತ್ತು. ಆ ಮಕ್ಕಳನ್ನು ಬಿಟ್ಟು ಅಕ್ಕ ಬದುಕುವುದನ್ನು ನೆನೆಯಲೂ ನನಗೆ ಹೆದರಿಕೆ.

ಡಬ್ಬಿ ಬಂದ ಭಾನುವಾರವೇ ಬಸ್ಸು ಹತ್ತಿದೆ. ಕೊಟ್ಟೂರಿನಲ್ಲಿ ಬಸ್ಸು ನಿಂತ ಹತ್ತು ನಿಮಿಷವೂ ಹತ್ತು ತಾಸಾಗಿತ್ತು. ಅಕ್ಕನ ಬಾಗಿಲಲ್ಲೇ ಡಬ್ಬಿ ಅಲ್ಲಾಡಿಸಿದೆ.

"ದಿನಾ ಒಂದು ನುಂಗು. ಡಾಕ್ಟ್ರ ಗುಳಿಗಿನೂ ಬಿಡಬ್ಯಾಡ. ಈ ಸಲ ಆಪರೇಷನ್ ಆಗಲಿಲ್ಲಂದ್ರ ನನ್ನ ಹೆಸ್ರು ಬದಲಿ ಮಾಡು!"

ಅಕ್ಕ ಡಬ್ಬಿ ಮೂಸಿ ನೋಡಿದಳು. "ಚಾಕ್ಲೇಟಿನ ಗುಳಿಗಿ ಏನ ಇದು? ನಿನ್ನ ಹುಚ್ಚಿಗೆ ಮದ್ದಿಲ್ಲ ಬಿಡು."

ಎರಡು ತಿಂಗಳಿಗೆ ಆಗುವಷ್ಟು ಇದ್ದವು. ಹತ್ತನೆಯ ದಿನ ಫೋನ್ ಮಾಡಿದರೆ "ಖಾಲಿ ಆದ್ವು" ಎಂದಳು.

"ಅಷ್ಟೂ ನುಂಗಿದೇನ?"

"ಒಬ್ಬಾಕಿನ ಹೆಂಗ ನುಂಗ್ಲೇ? ಓಣ್ಯಾಗ ನನ್ನೂ ಹಿಡಿದು ಆರು ಮಂದಿಗೆ ಬಿ.ಪಿ. ಐತಿ. ತಂಗಿ ತಂದಾಳಂತ ಎಲ್ಲಾರಿಗೂ ಕೊಟ್ನಿ."

ನಮ್ಮ ಮನೆಯ ಪದ್ಧತಿಯೇ ಅದು. ಊರಿಂದ ಬಂದದ್ದು ಹೋಳಿಗೆಯಾಗಲಿ, ಉಂಡಿಯಾಗಲಿ, ಓಣಿಗೆ ಬೀರದೆ ಬಾಯಿಗೆ ಹಾಕುವಂತಿಲ್ಲ. ಆದರೆ ಔಷಧವನ್ನೂ ಬೀರುವುದೇ! ಬಾಯಿಗೆ ಬಂದಂತೆ ಬೈದೆ. ಬೈಯುತ್ತಿರುವಾಗಲೇ ಥಟ್ಟನೆ ಒಂದು ಅನುಮಾನ ಹುಟ್ಟಿತು.

"ಅಕ್ಕಾ, ಡಾಕ್ಟ್ರು ಕೊಟ್ಟ ಗುಳಿಗಿ? ಅವನ್ನೂ ಬೀರ್ತೀಯೇನ?"

ಅಕ್ಕನ ದನಿ ಸಣ್ಣದಾಯಿತು.

"ಎಲ್ಲಾರಿಗೂ ಇಲ್ಲಬೇ. ಮಗ್ಗಲ ಮನಿ ಗೆಳತಿಗಷ್ಟ. ದವಾಖಾನಿಗೆ ಹೋದ್ರ ಆಕಿಗೆ ಕೂಲಿ ತಪ್ತೈತಿ. ಅದಕ್ಕ ಒಂದಿನ ನಾನು, ಒಂದಿನ ಆಕಿ."

ಬಿ.ಪಿ. ಇಳಿಯದ ಕಾರಣ ಸಿಕ್ಕಿತು! ಫೋನ್ ಹಿಡಿದೇ ಕುಣಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆವು.

ಮರುದಿನ ರಜೆ ಹಾಕಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆ. ಗೆಳತಿಗೆ ಅವಳದೇ ಚೀಟಿ, ಅವಳದೇ ಮಾತ್ರೆ ಸಿಕ್ಕವು. ನನ್ನ ಕೋಕೋ ಪುರಾಣ ಕೇಳಿ ಡಾಕ್ಟರಮ್ಮ ನಕ್ಕರು.

"ಅದರಿಂದ ಒಂಚೂರು ಅನುಕೂಲ ಆದ್ರೂ ಆಗಬಹುದ್ರಿ. ಆದ್ರ ಗುಳಿಗಿ ಜಾಗಕ್ಕ ಅದು ಬರಂಗಿಲ್ಲ. ಇನ್ನೊಮ್ಮೆ ಏನಾರ ತರೋ ಮೊದ್ಲು ನಮ್ಮನ್ನ ಕೇಳ್ರಿ."

ನನಗೆ ನಾಚಿಕೆಯಾಯಿತು. ಆದರೆ ಹುರುಪೇನೂ ಇಳಿಯಲಿಲ್ಲ. ಒಂದೂವರೆ ತಿಂಗಳು, ದಿನಾ ಬೆಳಿಗ್ಗೆ, ಅಕ್ಕ ಮಾತ್ರೆ ನುಂಗಿ ನೀರು ಕುಡಿದ ಸದ್ದು ಕೇಳುವವರೆಗೂ ಫೋನ್ ಇಡುತ್ತಿರಲಿಲ್ಲ.

ಮೂರನೆಯ ಸಲ ಕಣ್ಣಾಸ್ಪತ್ರೆಗೆ ಹೋದೆವು. ನರ್ಸ್ ಅಕ್ಕನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಾಗ ನಾನು ಬಗ್ಗಿ ಬಗ್ಗಿ ಅಂಕಿ ನೋಡುತ್ತಿದ್ದೆ. ಅವರು ಪಟ್ಟಿ ಬಿಚ್ಚಿ, "ನಡೀರಿ ಒಳಗ" ಎಂದರು. ಗೆದ್ವಿ ಎಂದು ಕೂಗಿಬಿಟ್ಟೆ. ವರಾಂಡದ ಮಂದಿಯೆಲ್ಲ ತಿರುಗಿ ನೋಡಿದರು.

ಮರುದಿನ ಕಣ್ಣಿನ ಪಟ್ಟಿ ತೆಗೆದರು. ಅಕ್ಕ ಗೋಡೆಯ ಕ್ಯಾಲೆಂಡರಿನ ತಾರೀಖು ಓದಿದಳು. ನನ್ನ ಸೀರೆಯ ಮೇಲಿನ ಸಾರಿನ ಕಲೆ ತೋರಿಸಿ ನಕ್ಕಳು. ಖುಷಿಗೆ ನನಗೆ ಅಳುವೇ ಬಂತು. ಕಣ್ಣಿನ ಡಾಕ್ಟರು, "ಇನ್ನೊಂದು ಕಣ್ಣು ಮುಂದಿನ ತಿಂಗಳ ಮಾಡೋಣ್ರಿ" ಎಂದರು.

ಅಕ್ಕ ಸೆರಗು ಸರಿಮಾಡಿಕೊಂಡು ಬಹಳ ಗಂಭೀರವಾಗಿ ಹೇಳಿದಳು:

"ನನಗ ಇದೊಂದು ಸಾಕ್ರಿ ಸಾಹೇಬ್ರ. ಅದನ್ನ ನಮ್ಮ ಮಗ್ಗಲ ಮನಿ ಗೆಳತಿಗೆ ಮಾಡ್ರಿ. ಆಕಿಗೂ ಮಂಜಾಗೈತಿ."