ಮುಂದಿನ ಸಾಲು ನೋಡುತ್ತಿದ್ದ ಮಾಸ್ಟ್ರು

ಈಶ್ವರ ಮಾಸ್ಟ್ರು ಯಾವ ಸಭೆಗೆ ಬಂದರೂ ವೇದಿಕೆಗೆ ಬೆನ್ನು ಹಾಕಿ ನಿಂತು ಮುಂದಿನ ಸಾಲನ್ನು ನೋಡುತ್ತಿದ್ದರು. “ಮೈಕಿನವನನ್ನು ಬಿಡಿ ಮಾರಾಯ್ರೆ, ಸೋಫಾದಲ್ಲಿ ಯಾರುಂಟು ನೋಡಿ. ಭಾಷಣ ಎಂತದ್ದು ಅಂತ ಅಲ್ಲೇ ಗೊತ್ತಾಗ್ತದೆ,” ಎನ್ನುತ್ತಿದ್ದರು. ದೋಹಾದ ಕನ್ನಡ ಸಂಘದ ಅಧ್ಯಕ್ಷನಾಗಿದ್ದ ನನಗೆ ಈ ಚಾಳಿ ಕಂಡರೆ ಮೈ ಉರಿಯುತ್ತಿತ್ತು.

ಮಾಸ್ಟ್ರು ಪುತ್ತೂರಿನವರು. ಇಲ್ಲಿನ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದರು. ಅಮೆರಿಕದ ಅಧ್ಯಕ್ಷರಿಗೂ ಅಲ್ಲಿನ ಕಂಪನಿ ಧಣಿಗಳಿಗೂ ಇರುವ ನಂಟಿನ ಮಾತು ಬಂದರೆ ತಟ್ಟೆಯ ಅನ್ನ ಆರಿದರೂ ನಿಲ್ಲಿಸುತ್ತಿರಲಿಲ್ಲ. ಅಲ್ಲಿನ ಪ್ರಮಾಣವಚನ ಟೀವಿಯಲ್ಲಿ ಬರುತ್ತಿದ್ದಾಗ ನಮ್ಮ ಮನೆಯಲ್ಲಿ ದೋಸೆ ಬಿಟ್ಟೆದ್ದು, ಹಿಂದೆ ನಿಂತ ಧಣಿಗಳನ್ನು ಒಬ್ಬೊಬ್ಬರನ್ನೇ ಬೆರಳಿಟ್ಟು ತೋರಿಸಿದ್ದರು. ಪರದೆಯ ತುಂಬ ಚಟ್ನಿ.

ವಾರ್ಷಿಕೋತ್ಸವಕ್ಕೆ ಅವರದೇ ಉಪನ್ಯಾಸ ಇಟ್ಟದ್ದು ನನ್ನ ಗ್ರಹಚಾರ. ಸೋಫಾದಲ್ಲಿ ಮುಖ್ಯ ಪ್ರಾಯೋಜಕರಾದ ವಿಠಲ ಧಣಿಗಳು ಕೂತಿದ್ದರು. ಹಾಲ್ ಅವರದ್ದು, ಊಟ ಅವರದ್ದು, ನನ್ನ ವೀಸಾ ಕೂಡ ಅವರ ಕಂಪನಿಯದ್ದೇ.

“ಅಮೆರಿಕದ ಸರಕಾರ ಎಣ್ಣೆ ಧಣಿಯ ಕಂಪನಿಯನ್ನು ಕೋರ್ಟಿಗೆ ಎಳೆದು ತುಂಡು ಮಾಡಿತು. ಜನ ಚಪ್ಪಾಳೆ ಹೊಡೆದ್ರು. ತುಂಡುಗಳ ಬೆಲೆ ಏರಿ ಅವನು ಇನ್ನೂ ದೊಡ್ಡ ಧಣಿಯಾದ! ಅಧ್ಯಕ್ಷ ಧಣಿಗಳನ್ನು ಬೈದ ಅಂದ್ರೆ ನಂಬಬೇಡಿ. ಅವನ ಚುನಾವಣೆಗೆ ದುಡ್ಡು ಕೊಟ್ಟದ್ದು ಯಾರು ಕೇಳಿ,” ಎಂದ ಮಾಸ್ಟ್ರು ಸೋಫಾದತ್ತ ಕೈ ತೋರಿಸಿದರು. “ಅಷ್ಟು ದೂರ ಎಂತಕ್ಕೆ? ಕೆಲಸದವರ ಪಾಸ್‌ಪೋರ್ಟ್ ಕಪಾಟಿನಲ್ಲಿ ಇಟ್ಕೊಂಡವರಿಗೆ ನಾವು ವರ್ಷ ವರ್ಷ ಪೇಟ ತೊಡಿಸ್ತೇವಲ್ಲ?”

ಹಿಂದೆ ನಿಂತಿದ್ದ, ಧಣಿಗಳ ಲೇಬರ್ ಕ್ಯಾಂಪಿನ ಕೆಲಸದವರಲ್ಲಿ ಯಾರೋ ಶಿಳ್ಳೆ ಹಾಕಿದರು. ಧಣಿಗಳು ನನ್ನನ್ನು ಹತ್ತಿರ ಕರೆದರು. “ಖಲಾಸ್. ಇವನಿಗೆ ಶಾಲು ಹಾಕಿದ್ರೆ ನಾಳೆ ಆಫೀಸಿಗೆ ಬರ್ಬೇಡ.”

ಶಾಲು ನನ್ನ ಕೈಯಲ್ಲೇ ಇತ್ತು. ಮಾಸ್ಟ್ರು ಸನ್ಮಾನದ ಕುರ್ಚಿಯಲ್ಲಿ ಆಗಲೇ ಕೂತು, ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. ನಾನು ಮೈಕ್ ಹಿಡಿದೆ. “ಸಮಯದ ಅಭಾವದಿಂದ ಸನ್ಮಾನವನ್ನು ಕೈಬಿಡಲಾಗಿದೆ.” ಆಮೇಲೆ ಒಂದು ಗಂಟೆ ಡಾನ್ಸ್ ನಡೆಯಿತು. ಥೂ, ನನ್ನ ಜನ್ಮಕ್ಕಿಷ್ಟು!

ಆ ಬೇಸಿಗೆಯಲ್ಲಿ ಮಾಸ್ಟ್ರು ನಿವೃತ್ತರಾದರು. ಊರಿಗೆ ಹೊರಡುವ ಮುಂಚಿನ ದಿನ ಶಾಲು ಹಿಡಿದು ಅಲ್ ವಕ್ರಾದ ಅವರ ಫ್ಲಾಟಿಗೆ ಹೋದೆ. ಕಟ್ಟಿಟ್ಟ ಪೆಟ್ಟಿಗೆಗಳ ಮೇಲೆ ಕೂರಿಸಿ ಚಹಾ ಕೊಟ್ಟರು.

“ಮಾಸ್ಟ್ರೇ, ತಪ್ಪಾಯ್ತು. ಇದು ನಿಮ್ಮದು,” ಎಂದು ಹೊದೆಸಲು ಹೋದೆ.

ಅವರು ಹಿಂದೆ ಸರಿದು ಖಾಲಿ ಕೋಣೆಯನ್ನೊಮ್ಮೆ ನೋಡಿದರು. “ಇಲ್ಲಿ ಮುಂದಿನ ಸಾಲು ಇಲ್ಲ ಅಲ್ವಾ ಅಧ್ಯಕ್ಷರೇ? ಅದಕ್ಕೇ ನಿಮಗೆ ಧೈರ್ಯ ಬಂತು. ಬೇಡ, ನೀವೇ ಇಟ್ಕೊಳ್ಳಿ.”

ಇಟ್ಟುಕೊಂಡೆ. ಈ ವರ್ಷದ ಸಭೆಯಲ್ಲಿ ಶಾಲು ಒಂದು ಕಡಿಮೆ ಬಿತ್ತು. ಮನೆಗೆ ಓಡಿ ಅದನ್ನೇ ತಂದು ವಿಠಲ ಧಣಿಗಳಿಗೆ ಹೊದೆಸಿದೆ.