ಅಮೇರಿಕಾದ ಬೆಂಡಿ

ತಿರ್ಲಾಪುರದ ದಿನಕರ ಮಾಸ್ತರರು ಸುಳ್ಳು ಹೇಳೋ ಪೈಕಿ ಅಲ್ಲ. ಇಪ್ಪತ್ತು ವರ್ಷದ ಮಾಸ್ತರಕಿಯೊಳಗ ಒಂದ ಒಂದು ಸುಳ್ಳು ಹೇಳಿದರು. ಅದನ್ನೂ ಚಾಳೀಸ ಮೂಗಿಗೆ ಏರಿಸಿಕೊಂಡು, ಪೇಪರ್ ಹಿಡಕೊಂಡು, ಊರ ಮುಂದ ಹೇಳಿದರು.

ಅದು ಎಂಬತ್ಮೂರರ ಮಾತು. ಊರಿಗೆ ಬರೋದು ಒಂದ ಪೇಪರ್. ಮುಂಜಾನಿ ಬಸ್ಸಿನವ ಅದನ್ನ ಮಡಿವಾಳೆಪ್ಪನ ಚಾದಂಗಡಿ ಮುಂದ ಒಗದು ಹೋಗತಿದ್ದ. ಮಾಸ್ತರರು ಜೋರಾಗಿ ಓದಬೇಕು, ಮಂದಿ ಕೇಳಬೇಕು. ಓದು ಮುಗಿದದ್ದ ತಡ, ಮಡಿವಾಳೆಪ್ಪ ಹಾಳಿ ಹರದು ಮಿರ್ಚಿ ಕಟ್ಟತಿದ್ದ. ಅಕ್ಷರ ಬಲ್ಲವರಿಗೂ ಆಮ್ಯಾಲೆ ಅದರಾಗ ಎಣ್ಣಿ ಬಿಟ್ಟು ಏನೂ ಕಾಣತಿರಲಿಲ್ಲ.

ಮಾಸ್ತರರ ತಂಗಿ ಲೀಲಾಬಾಯಿ ಧಾರವಾಡದಾಗ ಕೃಷಿ ಸಂಶೋಧನೆ ಮಾಡತಿದ್ದಳು. ಮೂರು ವರ್ಷ ಬಿಸಲಾಗ ನಿಂತು ಹುಳ ಎಣಿಸಿ ಒಂದು ಮಾತು ಖಾತ್ರಿ ಮಾಡಿಕೊಂಡಿದ್ದಳು: ಹತ್ತಿ ಹೊಲದ ಸುತ್ತ ಬೆಂಡಿ ಹಾಕಿದರ ಕಾಯಿ ಕೊರಿಯೋ ಹುಳ ಮೊದಲು ಬೆಂಡಿಗೆ ಹತ್ತತಾವ, ಹತ್ತಿ ಉಳೀತದ. ತಮ್ಮೂರಾಗ ಒಬ್ಬರರೆ ಹಾಕಿ ನೋಡಲಿ ಅಂತ ಆಕಿಗೆ ಭಾಳ ಆಸೆ. ಮಾಸ್ತರರು ಪೇಪರಿಗೆ ಮೂರು ಸಲ ಬರದು ಕಳಿಸಿದರು. ಅಚ್ಚಾಗಲಿಲ್ಲ. ಅಚ್ಚಾಗಿದ್ದು ಏನಂದ್ರ, ಹಾಡು ಕೇಳಿಸಿದರ ಆಕಳಾ ಹೆಚ್ಚು ಹಾಲು ಕೊಡತಾವ ಅಂತ ಅಮೇರಿಕಾದವರು ಕಂಡುಹಿಡಿದ ಸುದ್ದಿ, ಫೋಟೋ ಸಮೇತ. ಮರುದಿನ ಶಂಭುಲಿಂಗಪ್ಪ ಗೌಡರ ದನದ ಕೊಟ್ಟಿಗಿಯೊಳಗ ರೇಡಿಯೋ ಒದರಾಕ ಹತ್ತಿತು.

"ಗೌಡ್ರ, ನಮ್ಮ ಲೀಲಾ ಬೆಂಡಿ ಹಾಕ್ರಿ ಅಂತಾಳ," ಅಂದರು ಮಾಸ್ತರರು.

"ಮೊನ್ನಿ ಮೊನ್ನಿ ನಮ್ಮ ಕಟ್ಟಿ ಮ್ಯಾಲ ಗಜಗ ಆಡತಿದ್ದಾಕಿ," ಗೌಡರು ನಕ್ಕರು. "ಆಕಿಗೇನ್ ತಿಳೀತೈತ್ರಿ? ಪೇಪರನ್ಯಾಗರ ಬಂದೈತೇನು?"

ಮಾಸ್ತರರಿಗೆ ತಲಿ ಕೆಟ್ಟುಹೋತು. ಮರುದಿನ ಪೇಪರ್ ಬಿಡಿಸಿ, ಗಂಟಲಾ ಸರಿಮಾಡಿಕೊಂಡು, ಇಲ್ಲದ ಸುದ್ದಿ ಓದೇಬಿಟ್ಟರು: "ಹತ್ತಿಯ ಸುತ್ತ ಬೆಂಡಿ. ಅಮೇರಿಕಾದ ವಿಜ್ಞಾನಿಗಳ ಶೋಧ." ಮಂದಿ ಚಾ ಕೆಳಗಿಟ್ಟು ಕೇಳಿದರು. ಹತ್ತು ನಿಮಿಷಕ್ಕ ಆ ಹಾಳಿ ಮಿರ್ಚಿ ಕಟ್ಟಿಕೊಂಡು ಹೋತು. ಆ ವಾರ ನವಲಗುಂದ ಸಂತಿಯೊಳಗ ಬೆಂಡಿ ಬೀಜ ಸಿಗದಂಗಾತು.

ಹತ್ತಿ ಅಗದಿ ಛಲೋ ಬಂತು. ಬಿಡಿಸೋ ಹೊತ್ತಿಗೆ ಲೀಲಾಬಾಯಿ ಬಂದಳು. ಹೊಲ ಹೊಲಕ್ಕ ಬೆಂಡಿ ಸಾಲು ನೋಡಿ ಕಣ್ಣಾಗ ನೀರು ತಂದಳು.

"ಅಣ್ಣಾ, ಊರು ನನ್ನ ಮಾತು ಕೇಳಿತಲ್ಲೋ," ಅಂದಳು.

ಅಷ್ಟರಾಗ ಗೌಡರು ಬಂದರು. "ನೋಡು ತಂಗಿ, ಅಮೇರಿಕಾದವ್ರು ಕಂಡುಹಿಡಿದದ್ದು. ನಿಮ್ಮ ಧಾರವಾಡದಾಗ ಇಂಥಾವು ಕಲಿಸೂದಿಲ್ಲೇನು?"

ಲೀಲಾಬಾಯಿ ಅಣ್ಣನ ಮಾರಿ ನೋಡಿದಳು. ಅಣ್ಣ ನೆಲ ನೋಡಿದರು.

ಮರುದಿನ ಮುಂಜಾನಿ ತಂಗಿಯನ್ನ ಚಾದಂಗಡಿಗೆ ಕರಕೊಂಡು ಹೋಗಿ, ಮಾಸ್ತರರು ಪೇಪರ್ ಮಡಚಿ ಇಟ್ಟು ಎದ್ದು ನಿಂತರು. "ಆ ಬೆಂಡಿ ಸುದ್ದಿ ಬಂದಿರಲಿಲ್ಲ. ನಾನ ಕಟ್ಟಿ ಓದಿದೆ. ಶೋಧ ನಮ್ಮ ಲೀಲಾಂದು."

ಮಡಿವಾಳೆಪ್ಪ ಮಿರ್ಚಿ ತಿರುವೋದು ಬಿಟ್ಟು ನಿಂತ. ಗೌಡರು ಭಾಳ ಹೊತ್ತು ವಿಚಾರ ಮಾಡಿ ಮೆತ್ತಗ ಅಂದರು: "ಮಾಸ್ತರ, ತಂಗಿ ಮ್ಯಾಲಿನ ನಿಮ್ಮ ಪ್ರೀತಿ ತಿಳೀತೈತ್ರಿ. ಆದ್ರ ಅಮೇರಿಕಾದವ್ರ ಹೆಸರು ಹಿಂಗ ಕಳೀಬಾರದು."

"ಹೌದ್ರಿ," ಅಂದಿತು ಅಂಗಡಿ ತುಂಬ ಮಂದಿ.

ಅಣ್ಣ ತಂಗಿ ಮನಿ ಹಾದಿ ಹಿಡಿದರು. ಮಾಸ್ತರರಿಗೆ ಸಂಕಟಾತು. ತಂಗಿಯ ಮೂರು ವರ್ಷದ ದುಡಿತಾ ತಾವ ಕೈಯಾರೆ ಅಮೇರಿಕಾದ ಹಡಗ ಹತ್ತಿಸಿ ಕಳಿಸಿದ್ದರು. ಬಾಗಲದಾಗ ಚಪ್ಪಲಿ ಬಿಡತಾ ಆಕಿ ಅಂದಳು:

"ಅಣ್ಣಾ, ಈಗ ಜೋಳದ ಮ್ಯಾಲ ಕೆಲಸಾ ನಡಸೀನಿ. ಅದನ್ನ ರಷ್ಯಾದವರ ಹೆಸರಲೆ ಓದು. ಎಲ್ಲಾ ಅಮೇರಿಕಾದವರಿಗೇ ಕೊಟ್ಟರ ಅವರಿಗೆ ಸೊಕ್ಕು ಬರತದ."