ಶನಿವಾರದ ಚಹಾ

ನನ್ನ ನಾಲಿಗೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರಬಾರದು. ಶಹಾಬಾದಿನ ನಮ್ಮ ಓಣಿಯಲ್ಲಿ ತರಕಾರಿ ಗಾಡಿಯವನು ನಮ್ಮ ಮನೆ ಮುಂದೆ ಬಂದಾಗ ಮಾತ್ರ ತಕ್ಕಡಿಯನ್ನು ಎರಡು ಸಲ ಒರೆಸುತ್ತಿದ್ದ. ಇಪ್ಪತ್ತೈದು ವರ್ಷಗಳಿಂದ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತ ಬಂದವಳು ನಾನು. ಗಂಟಲು ತಯಾರಾದದ್ದು ಶಾಲೆಯಲ್ಲಿ, ಸಿಟ್ಟನ್ನು ತವರಿನಿಂದಲೇ ತಂದಿದ್ದೆ. ಇಂಥ ನಾನು ಒಂದು ಬೇಸಿಗೆ ರಜೆಯಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಪಾಪ ಮಾಡುವುದನ್ನೇ ಬಿಟ್ಟುಬಿಟ್ಟೆ. ಬಿಟ್ಟದ್ದು ಒಟ್ಟು ಐದು ತಿಂಗಳು.

ಅದು ಅರ್ಥವಾಗಬೇಕಾದರೆ ನಮ್ಮ ಚರ್ಚಿನ ಒಂದು ಪದ್ಧತಿ ಗೊತ್ತಿರಬೇಕು. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭುಭೋಜನ. ಸಭೆಯವರು ಸಾಲಾಗಿ ಮುಂದೆ ಹೋಗಿ, ಮೇಜಿನ ಎದುರು ಮೊಣಕಾಲೂರಿ, ರೊಟ್ಟಿಯ ಚೂರು ಮತ್ತು ದ್ರಾಕ್ಷಾರಸದ ಒಂದು ಗುಟುಕು ತೆಗೆದುಕೊಳ್ಳುತ್ತಾರೆ. ಮನಸ್ಸಿನಲ್ಲಿ ಯಾರ ಮೇಲಾದರೂ ಕಹಿ ಇಟ್ಟುಕೊಂಡು ಆ ಮೇಜಿನ ಹತ್ತಿರ ಹೋಗಬಾರದು ಎಂಬುದು ಹಿರಿಯರು ಹಾಕಿದ ಕಟ್ಟು. ಹಾಗಾಗಿ ಹಿಂದಿನ ದಿನ, ಶನಿವಾರ ಸಂಜೆ, ಆ ತಿಂಗಳಲ್ಲಿ ಯಾರ ಜೊತೆ ಮಾತಿಗೆ ಮಾತು ಬೆಳೆದಿತ್ತೋ ಅವರ ಮನೆಗೆ ಹೋಗಿ ‘ತಪ್ಪಾಗ್ಯದ’ ಎನ್ನಬೇಕು. ಕೇಳಿಸಿಕೊಂಡವರು ಉಪದೇಶ ಮಾಡುವಂತಿಲ್ಲ, ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಡಬೇಕು. ನೀರಿಟ್ಟರು ಎಂದರೆ ಮುಗಿಯಿತು. ಆ ಸಂಜೆ ಯಾರು ಯಾರ ಮನೆಯಿಂದ ಬಾಯಿ ಒರೆಸಿಕೊಂಡು ಹೊರಬಿದ್ದರು ಎಂದು ನೋಡಿದರೆ ಸಾಕು, ತಿಂಗಳ ಜಗಳಗಳೆಲ್ಲ ಊರಿಗೆ ಗೊತ್ತಾಗುತ್ತಿದ್ದವು.

ನನ್ನ ಶನಿವಾರ ಮಾತ್ರ ಯಾವಾಗಲೂ ಒಂದೇ ಮನೆಗೆ ಮೀಸಲು. ಅದು ನನ್ನ ನೆಗೆಣ್ಣಿಯ ಮನೆ. ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು, ಎದುರು ಮನೆ, ನಡುವೆ ಮೂವತ್ತು ಹೆಜ್ಜೆ. ಇಪ್ಪತ್ತಾರು ವರ್ಷ ಆ ಮೂವತ್ತು ಹೆಜ್ಜೆಗಳನ್ನು ನಾವಿಬ್ಬರೂ ಸವೆಸಿದ್ದೇವೆ. ಒಂದು ತಿಂಗಳು ನಾನು, ಒಂದು ತಿಂಗಳು ಅವಳು, ಕೆಲವು ತಿಂಗಳು ಇಬ್ಬರೂ ಒಟ್ಟಿಗೆ ಹೊರಟು ಓಣಿಯ ನಡುವೆ ಎದುರಾದದ್ದೂ ಉಂಟು. ಚಹಾದಲ್ಲಿ ಶುಂಠಿ ನನಗೆ ಸೇರುವುದಿಲ್ಲ. ಅಕ್ಕನಿಗೆ ಅದು ಚೆನ್ನಾಗಿ ಗೊತ್ತು. ಜಗಳ ದೊಡ್ಡದಾಗಿದ್ದ ತಿಂಗಳು ಶುಂಠಿಯೂ ಜಾಸ್ತಿ ಬೀಳುತ್ತಿತ್ತು. ನಾನು ಮುಖ ಕಿವುಚಿಕೊಂಡು ಕುಡಿದು ಬರುತ್ತಿದ್ದೆ.

ಆ ಬೇಸಿಗೆಯಲ್ಲಿ ಚಿಂಚೋಳಿಯಲ್ಲಿ ಮೂರು ದಿನದ ಪ್ರಾರ್ಥನಾ ಕೂಟ ನಡೆಯಿತು. ನಮ್ಮ ಚರ್ಚಿನ ಹೆಂಗಸರು ಹತ್ತು ಹನ್ನೆರಡು ಮಂದಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದೆವು. ಅಕ್ಕ ಮೊಣಕಾಲು ನೋವೆಂದು ಬರಲಿಲ್ಲ. ದೂರದಿಂದ ಬಂದಿದ್ದ ಬೋಧಕರು ನಿಜವಾಗಿ ಪಶ್ಚಾತ್ತಾಪ ಪಟ್ಟವನು ಆಮೇಲೆ ಪಾಪ ಮಾಡದೆಯೇ ಬದುಕಬಲ್ಲ, ಬದುಕದಿದ್ದರೆ ಅವನ ಪಶ್ಚಾತ್ತಾಪವೇ ಅರ್ಧಂಬರ್ಧ ಎಂದರು. ಅರ್ಧಂಬರ್ಧ ಎಂಬ ಮಾತು ನನಗೆ ನಾಟಿತು. ನಾನು ಯಾವ ಕೆಲಸವನ್ನೂ ಅರ್ಧ ಮಾಡಿದವಳಲ್ಲ. ಕೊನೆಯ ದಿನ ನಮ್ಮನ್ನೆಲ್ಲ ಚಂದ್ರಂಪಳ್ಳಿ ಡ್ಯಾಮಿನ ದಂಡೆಗೆ ಕರೆದುಕೊಂಡು ಹೋಗಿ ಪ್ರಾರ್ಥನೆ ಮಾಡಿಸಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಆ ಅಳು ಸುಳ್ಳಲ್ಲ, ಇವತ್ತಿಗೂ ಅದನ್ನು ಗೇಲಿ ಮಾಡಲಾರೆ. ಎದೆ ಹಗುರಾಗಿತ್ತು. ಇನ್ನು ಮೇಲೆ ಪಾಪ ಮಾಡುವುದಿಲ್ಲ ಎಂದು ನೀರಿನ ಮುಂದೆ ನಿಂತು ಹೇಳಿದೆ.

ಪರೀಕ್ಷೆ ಬಸ್ಸಿನಲ್ಲೇ ಶುರುವಾಯಿತು. ಸುಲೇಪೇಟದಲ್ಲಿ ಹತ್ತಿದ ಹೆಂಗಸೊಬ್ಬಳು ತೊಗರಿಬೇಳೆ ಚೀಲವನ್ನು ನನ್ನ ಪಾದದ ಮೇಲೆಯೇ ಇಟ್ಟಳು. ನಾನು ನಕ್ಕೆ. ಜೊತೆಗಿದ್ದವರು ಗಾಬರಿಯಾದರು. ರಜೆ ಮುಗಿದು ಶಾಲೆ ಶುರುವಾದಾಗ ಮಗ್ಗಿ ಕಲಿಯದೆ ಬಂದ ಮಕ್ಕಳಿಗೂ ನಕ್ಕೆ. ಎರಡನೆಯ ದಿನ ಅರ್ಧ ತರಗತಿ ಮಗ್ಗಿ ಒಪ್ಪಿಸಿತು. ನಮ್ಮ ಟೀಚರ್ ನಗುತ್ತಿದ್ದಾರೆ, ಏನೋ ಆಗುವುದಿದೆ ಎಂದು ಅವರವರೇ ಮಾತಾಡಿಕೊಂಡರಂತೆ. ನಳದ ಹತ್ತಿರದ ಹರಟೆಗೆ ಹೋಗುವುದನ್ನು ಬಿಟ್ಟೆ. ಸುಳ್ಳು ಬಿಟ್ಟೆ. ಪಕ್ಕದ ಮನೆಯವಳು ಹೊಸ ಸೀರೆ ಹೇಗಿದೆ ಎಂದು ಕೇಳಿದಾಗ ನಿಜ ಹೇಳಿದೆ, ಆಮೇಲೆ ಅವಳು ನನ್ನನ್ನು ಏನೂ ಕೇಳಲಿಲ್ಲ. ದಿನವೂ ಮಲಗುವ ಮೊದಲು ನೆನಪು ಮಾಡಿಕೊಂಡರೆ ಪಾಪ ಎಂಬುದೇ ಸಿಗುತ್ತಿರಲಿಲ್ಲ. ಹೇನು ಹುಡುಕಿದ ಹಾಗೆ ಹುಡುಕುತ್ತಿದ್ದೆ.

ಜೂನ್ ತಿಂಗಳ ಮಹಿಳಾ ಕೂಟದಲ್ಲಿ ಸಾಕ್ಷಿ ಹೇಳಲು ನನ್ನನ್ನು ನಿಲ್ಲಿಸಿದರು. ಸಾಕ್ಷಿ ಎಂದರೆ ದೇವರು ನಮ್ಮನ್ನು ಎಲ್ಲಿಂದ ಎತ್ತಿ ಎಲ್ಲಿಗೆ ತಂದರು ಎಂದು ಎಲ್ಲರೆದುರು ಹೇಳುವುದು. ನಾನು ಚೆನ್ನಾಗಿಯೇ ಹೇಳಿದೆ. ನಾಲ್ಕು ಜನ ಕಣ್ಣು ಒರೆಸಿಕೊಂಡರು. ಅದರಿಂದ ಹುರುಪು ಬಂದು ಇನ್ನೊಂದು ಮಾತು ಸೇರಿಸಿದೆ. ಆರು ವರ್ಷದ ಹಿಂದೆ ನಮ್ಮ ಅತ್ತೆ ಹಾಸಿಗೆ ಹಿಡಿದು ಕೊನೆಯ ತಿಂಗಳಲ್ಲಿದ್ದಾಗ, ನೋಡಿಕೊಳ್ಳಬೇಕಾದ ಹಿರಿಯ ಸೊಸೆ ಚಿತ್ತಾಪುರದ ತವರಿಗೆ ಹೋಗಿ ಕುಳಿತಳು, ನಾನೊಬ್ಬಳೇ ಎಲ್ಲ ಮಾಡಿದೆ, ಆ ಸಿಟ್ಟನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದೆ, ಇವತ್ತು ಅವಳನ್ನು ಸಂಪೂರ್ಣವಾಗಿ ಕ್ಷಮಿಸಿಬಿಟ್ಟಿದ್ದೇನೆ ಎಂದೆ. ಹಲ್ಲೆಲೂಯ ಎಂದರು. ಮೂರನೆಯ ಸಾಲಿನಲ್ಲಿ ಅಕ್ಕ ಕುಳಿತಿದ್ದಳು. ಅವಳು ಅನ್ನಲಿಲ್ಲ.

ಮುಂದಿನ ಪ್ರಭುಭೋಜನದ ಹಿಂದಿನ ದಿನ, ಶನಿವಾರ ಸಂಜೆ, ನಾನು ಮನೆಯಲ್ಲೇ ಉಳಿದೆ. ಆ ತಿಂಗಳು ನಾನು ಯಾರೊಡನೆಯೂ ಜಗಳವಾಡಿರಲಿಲ್ಲ, ಇಲ್ಲದ ತಪ್ಪನ್ನು ತಪ್ಪು ಎಂದರೆ ಸುಳ್ಳಾಗುತ್ತದೆ, ಸುಳ್ಳು ಪಾಪ. ಲೆಕ್ಕ ಸರಿಯಾಗಿತ್ತು. ಮರುದಿನ ಪ್ರಭುಭೋಜನಕ್ಕೆ ಎಲ್ಲರೂ ಎದ್ದಾಗ ಅಕ್ಕ ಏಳಲಿಲ್ಲ. ಬೆಂಚಿನ ಮೇಲೆ ಸೆರಗು ಸುತ್ತಿಕೊಂಡು ತಲೆ ಬಗ್ಗಿಸಿ ಕುಳಿತಿದ್ದಳು. ಮೊಣಕಾಲು ನೋವಿರಬೇಕು ಎಂದುಕೊಂಡೆ. ಮರು ತಿಂಗಳೂ ಏಳಲಿಲ್ಲ, ಅದರ ಮರು ತಿಂಗಳೂ ಇಲ್ಲ. ಮೇಜಿನಿಂದ ಹಿಂದಿರುಗುವಾಗ ಅವಳ ಪಕ್ಕದಿಂದಲೇ ನಡೆದು ಬರುತ್ತಿದ್ದೆ. ಪಾಪ, ಹೃದಯ ಕಲ್ಲಾಗಿದೆ ಎಂದು ಅವಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದೆ. ಇದನ್ನು ಬರೆಯುವಾಗ ಈಗ ನನಗೆ ಮೈ ಉರಿಯುತ್ತದೆ.

ಅಕ್ಟೋಬರಿನಲ್ಲಿ ಪಾಸ್ಟರು ಮನೆಗೆ ಬಂದರು. ನನ್ನ ಶಿಷ್ಯರ ವಯಸ್ಸಿನ ಹುಡುಗ. ಬೆಳಿಗ್ಗೆ ಶಹಾಬಾದ್, ಮಧ್ಯಾಹ್ನ ವಾಡಿ ಎಂದು ಬೈಕಿನ ಮೇಲೆ ಎರಡು ಸಭೆ ನೋಡಿಕೊಳ್ಳುತ್ತಿದ್ದರು. ಅಕ್ಕ ತನ್ನ ಹೆಸರನ್ನು ನಮ್ಮ ಸಭೆಯಿಂದ ಸೇಡಂ ಸಭೆಗೆ ವರ್ಗ ಮಾಡಲು ಪತ್ರ ಕೇಳಿದ್ದಾಳೆ ಎಂದರು. ಸೇಡಂನಲ್ಲಿ ಅವಳ ಮಗಳಿದ್ದಾಳೆ, ಆಸ್ಪತ್ರೆಯಲ್ಲಿ ನರ್ಸು, ಬಹಳ ದಿನದಿಂದ ಕರೆಯುತ್ತಿದ್ದಳು. ಅಕ್ಕ ಒಪ್ಪಿರಲಿಲ್ಲ. ಈಗ ಒಪ್ಪಿದ್ದಳು, ನನಗೆ ಹೇಳಿರಲಿಲ್ಲ. ಇಪ್ಪತ್ತಾರು ವರ್ಷ ಎದುರಿಗಿದ್ದ ಬಾಗಿಲು ಮುಚ್ಚುತ್ತದೆ ಎಂದು ಕೇಳಿ ನಾನು ಎದ್ದು ಹೋಗಿ ಕಿಟಕಿಯಿಂದ ಅದನ್ನೇ ನೋಡಿದೆ.

ಆದರೂ ಬಾಯಿಗೆ ಬಂದದ್ದು ಬೋಧನೆ. ಪಶ್ಚಾತ್ತಾಪದ ನಂತರ ಪಾಪವಿಲ್ಲದೆ ಬದುಕಬಹುದು ತಾನೆ, ನಾನು ಐದು ತಿಂಗಳಿಂದ ಬದುಕಿದ್ದೇನೆ, ಅಕ್ಕನಿಗೂ ಯಾರಾದರೂ ಹೇಳಬೇಕು ಎಂದೆ. ಪಾಸ್ಟರು ಮಡಿಲಲ್ಲಿದ್ದ ಹೆಲ್ಮೆಟ್ಟನ್ನು ಒಂದು ಸುತ್ತು ತಿರುಗಿಸಿದರು.

“ದೇವರು ನಮಗ ಪಾಪದ ಕೈಯಾಗಿಂದ ಬಿಡಿಸ್ಯಾನ್ರಿ, ಅದು ಖರೇ. ಆದ್ರ ಟೀಚರ್, ನೀವು ಪಾಪ ಮಾಡಿಲ್ಲಂತ ನಿಮಗ ಯಾರ್ ಹೇಳಿದ್ರಿ?”

ನಾನೇ ನೋಡಿಕೊಂಡಿದ್ದೇನೆ ಎಂದೆ. ಮಕ್ಕಳ ಉತ್ತರ ಪತ್ರಿಕೆಯನ್ನು ಅವರವರ ಕೈಗೇ ತಿದ್ದಲು ಕೊಡುತ್ತೀರೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೈಕು ಹತ್ತಿದರು.

ನನಗೆ ಸಿಟ್ಟು ಬಂತು. ಐದು ತಿಂಗಳ ನಂತರ ಬಂದ ಸಿಟ್ಟು, ಹಳೆಯ ಗೆಳತಿ ಬಂದ ಹಾಗೆ ಗುರುತು ಹತ್ತಿತು. ಗಂಡ ಪಡಸಾಲೆಯಲ್ಲಿ ಕುಳಿತು ಊಟ ಮಾಡುತ್ತಿದ್ದರು. ಅವರದು ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಇಡೀ ದಿನ ಮಷೀನಿನ ಸದ್ದಿನಲ್ಲಿರುವುದರಿಂದ ಮನೆಯಲ್ಲಿ ಮಾತು ಕಡಿಮೆ. ನಾನು ಬದಲಾಗಿದ್ದೇನೋ ಇಲ್ಲವೋ, ನೀವೇ ಹೇಳಿ ಎಂದೆ. ಅವರು ತುತ್ತು ನುಂಗಿ ಹೇಳಿದರು.

“ಮೊದಲ ನೀ ಒದರ್ತಿದ್ದಿ, ಮತ್ತ ಮಧ್ಯಾಹ್ನಕ್ಕ ಮರಿತಿದ್ದಿ. ಈಗ ಒದರಂಗಿಲ್ಲ, ಮರಿಯಂಗೂ ಇಲ್ಲ.”

ತನ್ನ ಬೆನ್ನು ತನಗೆ ಕಾಣುವುದಿಲ್ಲ ಎನ್ನುತ್ತಾರೆ. ನನ್ನ ಬೆನ್ನನ್ನು ಇಷ್ಟು ದಿನ ಎಲ್ಲರೂ ನೋಡುತ್ತಿದ್ದರು. ಜೂನ್ ತಿಂಗಳ ಆ ಕೂಟ ಕಣ್ಣ ಮುಂದೆ ಬಂತು. ಅಕ್ಕ ಕೇಳದ ಕ್ಷಮೆಯನ್ನು ನಾನು ಮೈಕಿನಲ್ಲಿ ಕೊಟ್ಟಿದ್ದೆ. ಮನೆಯ ಮಾತನ್ನು ನಲವತ್ತು ಹೆಂಗಸರ ಮುಂದೆ ಬಿಚ್ಚಿ, ಅದಕ್ಕೆ ದೇವರ ಹೆಸರು ಹಚ್ಚಿದ್ದೆ. ಬೈದಿದ್ದರೆ ಶನಿವಾರ ಹೋಗಿ ಶುಂಠಿ ಚಹಾ ಕುಡಿದು ಬರಬಹುದಿತ್ತು. ಕ್ಷಮಿಸಿದ್ದಕ್ಕೆ ಏನೆಂದು ಕ್ಷಮೆ ಕೇಳುವುದು?

ನವೆಂಬರಿನ ಮೊದಲ ಶನಿವಾರ ಸಂಜೆ ಆ ಮೂವತ್ತು ಹೆಜ್ಜೆ ನಡೆದೆ. ಅಕ್ಕನ ಪಡಸಾಲೆಯಲ್ಲಿ ಪಾತ್ರೆಗಳನ್ನು ಕಟ್ಟಿದ ಗಂಟುಗಳಿದ್ದವು. ಅವಳು ನನ್ನನ್ನು ನೋಡಿ ಕುಂದ್ರು ಎಂದಳು, ಅಷ್ಟೇ. ನಾನು ದಾರಿಯಲ್ಲಿ ತಯಾರು ಮಾಡಿಕೊಂಡ ಮಾತೆಲ್ಲ ಮರೆತುಹೋಗಿತ್ತು. ತಪ್ಪಾಗ್ಯದ ಎಂದೆ. ಕೂಟದಲ್ಲಿ ಹಾಗೆ ಹೇಳಬಾರದಿತ್ತು, ನಾಲ್ಕು ಶನಿವಾರ ಬರದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವಳು ಏಳಲಿಲ್ಲ. ಕೈಯಲ್ಲಿದ್ದ ಹಗ್ಗದ ತುದಿಯನ್ನು ಸುತ್ತುತ್ತ ಕುಳಿತಿದ್ದಳು. ಅಷ್ಟು ಹೆದರಿಕೆ ನನಗೆ ಯಾವ ಬೋಧಕರ ಮಾತು ಕೇಳಿಯೂ ಆಗಿರಲಿಲ್ಲ.

“ನೀ ಬರ್ತಿ ಅಂತ ಪ್ರತಿ ಶನಿವಾರ ಹಾಲ ತಂದಿಡ್ತಿದ್ದೆ. ಕತ್ತಲಾದ ಮ್ಯಾಲ ಬೆಕ್ಕಿಗಿ ಹಾಕ್ತಿದ್ದೆ. ಮನಸಿನ್ಯಾಗ ಇಷ್ಟ್ ಸಿಟ್ಟ ಇಟ್ಕೊಂಡು ಮೇಜಿನ ಹತ್ರ ಹ್ಯಾಂಗ ಬರ್ಲಿ?”

ನನಗೆ ಅಳು ಬಂತು, ಚಂದ್ರಂಪಳ್ಳಿಯ ಹಾಗಲ್ಲ, ಸುಮ್ಮನೆ ಮೂಗು ಸೋರುವ ಅಳು. ಅದನ್ನು ನೋಡಲಾರದೆಯೋ ಏನೋ, ಅಕ್ಕ ಇನ್ನೊಂದು ಮಾತನ್ನೂ ಹೇಳಿಬಿಟ್ಟಳು. ಚಿತ್ತಾಪುರಕ್ಕೆ ಅವಳು ತಾನಾಗಿ ಹೋಗಿರಲಿಲ್ಲ.

“ಅತ್ತೀನೇ ಕಳಿಸಿದ್ಳು. ನೀವಿಬ್ರೂ ನನ್ನ ತಲಿ ಮ್ಯಾಲ ಕುಂತು ಜಗಳಾಡಿದ್ರ ನನಗ ಸಮಾಧಾನಲೆ ಸಾಯ್ಲಿಕ್ಕೂ ಆಗಂಗಿಲ್ಲ, ನೀ ಹೋಗು ಅಂದ್ಳು. ಸಣ್ಣ ಸೊಸಿ ಎಷ್ಟ್ ಒದರಿದ್ರೂ ಆಕಿ ಕೈ ಭಾಳ ಮೆತ್ತಗ ಅದಾವ ಅಂದ್ಳು. ನಿನಗ ಹೇಳಬಾರದಂತ ಮಾತ ತಗೊಂಡಿದ್ಳು.”

ಆಮೇಲೆ ಎದ್ದು ಒಳಗೆ ಹೋದಳು. ಸ್ಟೋವ್ ಹತ್ತಿದ ಸದ್ದು ಕೇಳಿಸಿತು. ಆರು ವರ್ಷ ನಾನು ಯಾವ ಸಿಟ್ಟನ್ನು ಹೊತ್ತು, ಯಾವ ಉದಾರತೆಯಿಂದ ಕ್ಷಮಿಸಿದ್ದೆನೋ, ಅದಕ್ಕೆ ಕಾರಣ ನನ್ನ ಬಾಯಿಯೇ ಆಗಿತ್ತು. ಅವಳು ಅದನ್ನು ನನ್ನಿಂದ ಮುಚ್ಚಿಟ್ಟು, ಕೆಟ್ಟ ಸೊಸೆ ಎನಿಸಿಕೊಂಡು ಸುಮ್ಮನಿದ್ದಳು. ಚಹಾದಲ್ಲಿ ಆ ದಿನ ಬಿದ್ದಷ್ಟು ಶುಂಠಿ ಎಂದೂ ಬಿದ್ದಿರಲಿಲ್ಲ. ಪೂರ್ತಿ ಕುಡಿದೆ. ಮರುದಿನ ಇಬ್ಬರೂ ಒಂದೇ ಸಾಲಿನಲ್ಲಿ ಮೊಣಕಾಲೂರಿದೆವು, ಅವಳನ್ನು ಎಬ್ಬಿಸಲು ನಾನು ಕೈ ನೀಡಬೇಕಾಯಿತು.

ಅಕ್ಕ ಸೇಡಂಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಮಗಳಿಗೆ ಮಾತು ಕೊಟ್ಟಾಗಿತ್ತು. ಈಗ ತಿಂಗಳ ಮೊದಲ ಶನಿವಾರ ಶಾಲೆ ಬಿಟ್ಟ ಕೂಡಲೇ ನಾನು ರೈಲು ಹತ್ತುತ್ತೇನೆ. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ, ಸೇಡಂ. ಪಾಪ ಮಾಡದೆ ಬದುಕಬೇಕು ಎಂಬ ಆಸೆಯನ್ನು ನಾನು ಬಿಟ್ಟಿಲ್ಲ, ಮನೆಯಿಂದ ಹೊರಡುವಾಗ ದಿನವೂ ಅದೇ ಪ್ರಾರ್ಥನೆ. ಆದರೆ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಸೀಟಿಗಾಗಿ ನುಗ್ಗುವಷ್ಟರಲ್ಲಿ ಏನಾದರೂ ಒಂದು ಆಗಿಯೇ ಇರುತ್ತದೆ. ಅದನ್ನೇ ತೆಗೆದುಕೊಂಡು ಹೋಗಿ ಅಕ್ಕನ ಮುಂದೆ ಒಪ್ಪಿಸುತ್ತೇನೆ. ಅವಳು ನಗುತ್ತ ನೀರಿಡುತ್ತಾಳೆ.

ಹೋದ ತಿಂಗಳು ಗಾಡಿ ಖಾಲಿ ಇತ್ತು. ಕಿಟಕಿ ಪಕ್ಕ ಸೀಟು ಸಿಕ್ಕಿತು, ಯಾರೂ ಕಾಲು ತುಳಿಯಲಿಲ್ಲ. ಈ ಸಲ ಏನೂ ಇಲ್ಲಕ್ಕ, ಸುಮ್ಮನೆ ಬಂದಿದ್ದೇನೆ ಎಂದೆ. ಏಳಲು ಹೊರಟಿದ್ದ ಅಕ್ಕ ಮತ್ತೆ ಕುಳಿತಳು.

“ಹಂಗಾದ್ರ ನಂದು ಒಂದ್ ಅದ. ಅತ್ತಿ ಮಾತ ನಿನಗ ಹೇಳಬಾರದಿತ್ತು. ಆಕಿಗಿ ಕೊಟ್ಟ ಮಾತ ಮುರದೆ, ನಿನಗೂ ನೋವ ಮಾಡ್ದೆ. ತಪ್ಪಾಗ್ಯದ.”

ಈ ಸಲ ಸರದಿ ನನ್ನದು. ಹೇಳಲು ನನ್ನ ಹತ್ತಿರ ಬಹಳ ಮಾತುಗಳಿದ್ದವು, ಒಂದು ಇಡೀ ಸಾಕ್ಷಿಗೆ ಆಗುವಷ್ಟು. ಬಾಯಿ ಮುಚ್ಚಿಕೊಂಡು ಎದ್ದೆ. ಅವಳ ಮಗಳ ಅಡುಗೆಮನೆಯಲ್ಲಿ ಪಾತ್ರೆ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಹುಡುಕಿ ತೆಗೆದು ನೀರಿಟ್ಟೆ, ಶುಂಠಿ ಜಜ್ಜಿ ಹಾಕಿದೆ.